ಬಾಗಿಲಿಗೊಂದು ಚಿಲಕ ಹಾಕಿಸಿ ಸ್ವಾಮಿ!

ಒಂಬತ್ತನೇ ಕ್ಲಾಸಿನ ಹುಡುಗಿ ತಿಂಗಳಿಗೆ ಎರಡು-ಮೂರು ದಿನ ಚಕ್ಕರ್. ರಜಾಚೀಟಿಯಲ್ಲಿ ಬರೀ ‘ಹೊಟ್ಟೆನೋವು’. ಮೇಷ್ಟ್ರು ಕೇಳುವುದಿಲ್ಲ, ಹುಡುಗಿ ಹೇಳುವುದಿಲ್ಲ. ಕಾರಣ ಮುಟ್ಟು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂದರೆ ಆಕೆ ಬರುವುದಾದರೂ ಹೇಗೆ? ತಪ್ಪಿದ ಪಾಠ ಪರೀಕ್ಷೆಯಲ್ಲಿ ಕಾಡುತ್ತದೆ. ನಪಾಸಾದರೆ ‘ಓದಿದ್ದು ಸಾಕು, ಗಂಡು ನೋಡಿ’ ಎನ್ನುವವರು ಮನೆಯಲ್ಲೇ ಇದ್ದಾರೆ.

ಸರಕಾರ ಪೂರಾ ಸುಮ್ಮನೆ ಕೂತಿಲ್ಲ. 2013-14ರಲ್ಲಿ ‘ಶುಚಿ’ ಯೋಜನೆ ತಂದು ಪುಕ್ಕಟೆ ಪ್ಯಾಡ್ ಹಂಚಿತು. ನಡುವೆ ಕೆಲವು ವರ್ಷ ನಿಂತದ್ದು 2024ರಲ್ಲಿ ಮತ್ತೆ ಶುರುವಾಯಿತು. ಪ್ಯಾಡಿನ ಮೇಲಿದ್ದ ಶೇ. 12 ಜಿ.ಎಸ್.ಟಿ. 2018ರ ಜುಲೈನಲ್ಲಿ ರದ್ದಾಯಿತು.

ಉಳಿದದ್ದು ಊರಿನವರ ಪಾಲು. ಪ್ಯಾಡ್ ಕೇಳಿದ ಹುಡುಗಿಯನ್ನು ಮೇಲೆ-ಕೆಳಗೆ ನೋಡದೆ, ಸೋಪು ಕೊಟ್ಟ ಹಾಗೆ ಅಂಗಡಿಯವರು ಕೊಡಲಿ. ಬಸ್ಸಿನಲ್ಲಿ ಮೈಗೆ ತಾಗಿ ನಿಲ್ಲುವವನನ್ನು ಹಿರಿಯರು ಗದರಲಿ. ಹದಿನೆಂಟರೊಳಗಿನ ಹುಡುಗಿಯ ಬೆನ್ನುಬಿದ್ದು ಲೈಂಗಿಕವಾಗಿ ಪೀಡಿಸಿದರೆ 2012ರ ಪೋಕ್ಸೋ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲುಂಟು. ಮಕ್ಕಳ ಸಹಾಯವಾಣಿ 1098. ಮೈನೆರೆಯುವ ಮೊದಲೇ ತಾಯಂದಿರು ಮಗಳಿಗೆ ನಾಲ್ಕು ಮಾತು ಹೇಳಲಿ.

ಶಾಲೆಯ ಎಸ್.ಡಿ.ಎಂ.ಸಿ.ಯವರು ಮುಂದಿನ ಸಭೆಯಲ್ಲಿ ಚಿಲಕದ ಮಾತು ಎತ್ತಲಿ. ಅದಕ್ಕೆಷ್ಟು ಖರ್ಚಾಗುತ್ತದೆಂದು ಪೇಟೆಯ ಅಂಗಡಿಯವರಿಗೇ ಚೆನ್ನಾಗಿ ಗೊತ್ತು.