ಮೇಸ್ತ್ರಿ, ಮೆಸ್ತ್ರೆ ಮತ್ತು ಆರು ತಂತಿಗಳು

ಕನ್ನಡದ ‘ಮೇಸ್ತ್ರಿ’ ಎಂಬ ಶಬ್ದ ಪೋರ್ಚುಗೀಸ್ ಭಾಷೆಯ ‘ಮೆಸ್ತ್ರೆ’ಯಿಂದ ಬಂದುದು. ಚಾವಿ, ಪಾದ್ರಿ, ಬಟಾಟೆಗಳಂತೆ ಅದೂ ಕರಾವಳಿಯ ದಾರಿಯಿಂದ ಒಳನಾಡಿಗೆ ನಡೆದು ಬಂದಿತು. ಕನ್ನಡಕ್ಕೆ ಬಂದ ಮೇಲೆ ಗಾರೆ ಕೆಲಸದವನು, ಕೂಲಿಯಾಳುಗಳ ಮೇಲ್ವಿಚಾರಕ ಎಂಬ ಅರ್ಥದಲ್ಲಿ ನೆಲೆಯೂರಿತು. ಮೂಲದಲ್ಲಿ ಅದರ ಅರ್ಥ ಗುರು, ಒಂದು ವಿದ್ಯೆಯಲ್ಲಿ ಪಳಗಿದವನು ಎಂದು. ಗೋವಾದ ಹಳ್ಳಿಗಳಲ್ಲಿ ಚರ್ಚಿಗೆ ಸೇರಿದ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸ್ವರಪಾಠ ಹೇಳುತ್ತಿದ್ದವನೂ ಮೆಸ್ತ್ರೆಯೇ.

ವಾಸ್ಕೋ ಪಟ್ಟಣದ ಮಂಗೋರ್ ಹಿಲ್‌ನಲ್ಲಿ ಈ ಎರಡೂ ಅರ್ಥಗಳು ಒಂದೇ ಓಣಿಯಲ್ಲಿ ಎದುರಾಗುತ್ತವೆ. ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಘಟ್ಟವಿಳಿದು ಬಂದ ಅನೇಕ ಕುಟುಂಬಗಳು ಈ ಗುಡ್ಡದಲ್ಲಿಯೂ ಸುತ್ತಿನ ಬಡಾವಣೆಗಳಲ್ಲಿಯೂ ನೆಲೆಸಿವೆ. ಅಲ್ಲಿಯ ತಂದೆಗೆ ಬೆಳಿಗ್ಗೆ ಎದ್ದರೆ ಕಾಣಬೇಕಾದವನು ಮೇಸ್ತ್ರಿ. ಗೋವಾದಲ್ಲಿಯೇ ಹುಟ್ಟಿ ಬೆಳೆದ ಮಗನಿಗೋ ಮಗಳಿಗೋ, ಶಾಲೆಯ ಗೆಳೆಯರ ಕೈಯಲ್ಲಿ ಗಿಟಾರ್ ಕಂಡ ಮೇಲೆ, ಬೇಕಾಗುವವನು ಮೆಸ್ತ್ರೆ. ಮೊದಲನೆಯವನು ಕೂಲಿ ಕೊಡುತ್ತಾನೆ, ಎರಡನೆಯವನಿಗೆ ಶುಲ್ಕ ಕೊಡಬೇಕು. ಆ ಶುಲ್ಕ ಯಾವುದಕ್ಕೆ ಸಲ್ಲುತ್ತದೆ, ಅನುಭವಿಯಾದ ಗುರುವಿನ ಎದುರು ಒಬ್ಬರೇ ಕುಳಿತು ಕಲಿಯುವುದೆಂದರೆ ಏನು ಎಂಬುದು ಇಲ್ಲಿಯ ವಿಷಯ.

ಗೋವಾದ ಈ ಕಲಿಕೆಗೆ ದೀರ್ಘ ಹಿನ್ನೆಲೆಯಿದೆ. 1510ರಲ್ಲಿ ಆರಂಭವಾಗಿ 1961ರ ಡಿಸೆಂಬರಿನವರೆಗೆ ನಡೆದ ಪೋರ್ಚುಗೀಸ್ ಆಳ್ವಿಕೆಯಲ್ಲಿ, 16ನೇ ಶತಮಾನದಷ್ಟು ಹಿಂದೆಯೇ, ಚರ್ಚುಗಳಿಗೆ ಸೇರಿದಂತೆ ಶಾಲೆಗಳು ಹುಟ್ಟಿಕೊಂಡವು. ಪೂಜೆಗೆ ಹಾಡುವವರೂ ನುಡಿಸುವವರೂ ಬೇಕಾಗಿದ್ದರು. ಆ ಅಗತ್ಯವೇ ಹಳ್ಳಿಹಳ್ಳಿಯಲ್ಲಿ ಸಂಗೀತದ ಓದುಬರಹವನ್ನು ಬೆಳೆಸಿತು. ಮಗು ಮೊದಲು ಸ್ವರಗಳ ಹೆಸರನ್ನು ಬಾಯಿಂದ ಹಾಡಿ ಕಲಿಯಬೇಕು, ಆಮೇಲೆ ಪಿಟೀಲು ಮುಟ್ಟಬೇಕು. ಸರಳೆ ವರಸೆಯನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ವಾಸ್ಕೋ–ಮಡಗಾಂವ್ ರೈಲುದಾರಿಯಲ್ಲಿ ಸಿಗುವ ಮಾಜೋರ್ಡಾ ಎಂಬ ಊರಿನಲ್ಲಿ 1927ರಲ್ಲಿ ಹುಟ್ಟಿದ ಆಂಟನಿ ಗೊನ್ಸಾಲ್ವಿಸ್ ಈ ಪರಂಪರೆಯಿಂದ ಬಂದವರು. ಮುಂಬಯಿಯ ಚಿತ್ರಸಂಗೀತ ಲೋಕ ಸೇರಿ, ಮುಂದೆ ಪ್ರಸಿದ್ಧರಾದ ಪ್ಯಾರೇಲಾಲ್ ಮತ್ತು ಆರ್. ಡಿ. ಬರ್ಮನ್ ಇಬ್ಬರಿಗೂ ಪಿಟೀಲು ಕಲಿಸಿದರು. 1977ರ ‘ಅಮರ್ ಅಕ್ಬರ್ ಆಂಟನಿ’ ಚಿತ್ರದ ಹಾಡೊಂದರಲ್ಲಿ ಬರುವ ಹೆಸರು ಶಿಷ್ಯ ಪ್ಯಾರೇಲಾಲ್ ಗುರುವಿಗೆ ಸಲ್ಲಿಸಿದ ಗೌರವ. ಹಾಡನ್ನು ಬಲ್ಲವರು ಕೋಟ್ಯಂತರ ಮಂದಿ. ಅದರೊಳಗೆ ಒಬ್ಬ ಮೇಷ್ಟ್ರು ಕುಳಿತಿರುವುದನ್ನು ಬಲ್ಲವರು ಕಡಿಮೆ.

ಚರ್ಚಿನ ಶಾಲೆಯ ಬಾಗಿಲು ಮುಖ್ಯವಾಗಿ ಆ ಮತದ ಮಕ್ಕಳಿಗೆ ತೆರೆದದ್ದು ಎಂಬುದನ್ನೂ ಮರೆಯಬಾರದು. ಗೋವಾದ ದೇವಾಲಯಗಳ ಸುತ್ತಲಿನ ಕಲಾವಂತ ಮನೆತನಗಳಲ್ಲಿ ಸಂಗೀತ ಬೇರೆಯೇ ದಾರಿಯಲ್ಲಿ ಸಾಗಿತು; ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್ ಆ ದಾರಿಯ ಹೆಸರುಗಳು. ಇಂದು ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವಿದೆ. ಆದರೆ ವಾಸ್ಕೋದ ದುಡಿಯುವ ಮನೆಯ ಮಗುವಿಗೆ ಹತ್ತಿರದ ದಾರಿ ಖಾಸಗಿ ಪಾಠವೇ.

ಮರಾಠಿಯಲ್ಲಿ ಖಾಸಗಿ ಪಾಠಕ್ಕೆ ‘ಶಿಕವಣಿ’ ಎನ್ನುತ್ತಾರೆ. ‘ಶಿಕಣೆ’ ಎಂದರೆ ಕಲಿಯುವುದು, ‘ಶಿಕವಣೆ’ ಎಂದರೆ ಕಲಿಸುವುದು. ಕನ್ನಡದಲ್ಲಿಯೂ ಹಾಗೆಯೇ, ‘ಕಲಿ’ ಮೂಲ, ‘ಕಲಿಸು’ ಅದರ ಪ್ರೇರಣಾರ್ಥಕ ರೂಪ. ಎರಡೂ ಭಾಷೆಗಳ ವ್ಯಾಕರಣದಲ್ಲಿ ಕಲಿಯುವವನ ಕ್ರಿಯೆ ಮೊದಲು ಹುಟ್ಟುತ್ತದೆ, ಗುರುವಿನದು ಅದಕ್ಕೆ ಹತ್ತಿದ ಪ್ರತ್ಯಯ.

ಗಿಟಾರ್ ಪಾಠದ ಮೊದಲ ದಿನವೇ ಇದು ಕಾಣುತ್ತದೆ. ಪಳಗಿದ ಗುರು ಮೊದಲು ಏನನ್ನೂ ನುಡಿಸಿ ತೋರಿಸುವುದಿಲ್ಲ, ನೋಡುತ್ತಾನೆ. ಮಗು ಹೇಗೆ ಕುಳಿತಿದೆ, ಬಲ ಹೆಗಲು ಮೇಲೆದ್ದಿದೆಯೆ, ಎಡಗೈಯ ಮಣಿಕಟ್ಟು ಮುರಿದಂತೆ ಬಾಗಿದೆಯೆ, ಹೆಬ್ಬೆರಳು ವಾದ್ಯದ ಕೊರಳಿನ ಹಿಂಬದಿಯಲ್ಲಿ ಎಲ್ಲಿ ನಿಂತಿದೆ? ತಂತಿ ಒತ್ತಿದಾಗ ‘ಝರ್ರ್’ ಎಂಬ ಅಪಸ್ವರ ಬಂದರೆ ಹೊಸ ಕಲಿಕೆಯವನು ಇನ್ನಷ್ಟು ಬಲವಾಗಿ ಒತ್ತುತ್ತಾನೆ. ಬೆರಳು ನೋಯುತ್ತದೆ, ಸದ್ದು ಹೋಗುವುದಿಲ್ಲ. ಗುರು ಬೆರಳನ್ನು ಕಾಳಿನಷ್ಟು ದೂರ ಸರಿಸುತ್ತಾನೆ: ಮೆಟ್ಟಿಲಿನ ಮೇಲೂ ಬೇಡ, ಎರಡು ಮೆಟ್ಟಿಲುಗಳ ನಡುವೆಯೂ ಬೇಡ, ಮೆಟ್ಟಿಲಿನ ಹಿಂದೆ, ಅದಕ್ಕೆ ತಾಗಿದಂತೆ. ಅರ್ಧ ಬಲದಲ್ಲಿಯೇ ಸ್ವರ ಸ್ವಚ್ಛವಾಗಿ ಹೊಮ್ಮುತ್ತದೆ. ಪುಸ್ತಕದಲ್ಲಿಯೂ ಈ ಮಾತಿದೆ. ಆದರೆ ತನ್ನ ಬೆರಳು ಎಷ್ಟು ಹಿಂದೆ ಉಳಿದಿದೆ ಎಂಬುದನ್ನು ಪುಸ್ತಕ ನೋಡಲಾರದು.

ಕೆಲವೊಮ್ಮೆ ತಪ್ಪು ಬೆರಳಿನದಾಗಿರುವುದೇ ಇಲ್ಲ. ಅಗ್ಗಕ್ಕೆ ಕೊಂಡ ಗಿಟಾರಿನಲ್ಲಿ ತಂತಿಗಳು ಮೆಟ್ಟಿಲುಗಳಿಂದ ಬಹಳ ಎತ್ತರದಲ್ಲಿರುತ್ತವೆ. ಮಗು ತಿಂಗಳುಗಟ್ಟಲೆ ಹೆಣಗಿ, ತನಗೆ ಈ ವಿದ್ಯೆ ಒಲಿಯದೆಂದು ನಿರ್ಧರಿಸಿಬಿಡುತ್ತದೆ. ಅನುಭವಿ ಮಾತ್ರ ವಾದ್ಯವನ್ನು ತನ್ನ ತೊಡೆಯ ಮೇಲಿಟ್ಟು ಒಮ್ಮೆ ಮೀಟಿ, ಕುದುರೆಯ ಮೇಲಿನ ಪಟ್ಟಿಯನ್ನು ಸ್ವಲ್ಪ ಉಜ್ಜಿಸಿಕೊಂಡು ಬಾ ಎನ್ನುತ್ತಾನೆ. ಅಸಂಖ್ಯ ಕೈಗಳನ್ನು ಕಂಡದ್ದರಿಂದ ಬಂದ ಈ ವಿವೇಕಕ್ಕೇ ಶುಲ್ಕ ಸಲ್ಲುವುದು. ಚೆನ್ನಾಗಿ ನುಡಿಸುವವರೆಲ್ಲ ಇದನ್ನು ಬಲ್ಲರೆಂದು ತಿಳಿಯಬೇಕಾಗಿಲ್ಲ. ತಮಗೆ ಎಳವೆಯಲ್ಲಿ ಸುಲಭವಾಗಿ ಒಲಿದದ್ದು ಇನ್ನೊಬ್ಬರಿಗೆ ಏಕೆ ಒಲಿಯುತ್ತಿಲ್ಲ ಎಂದು ತೋಚದೆ ರೇಗುವ ವಾದಕರೂ ಇದ್ದಾರೆ.

ಇಲ್ಲಿ ಬಳಸಿದ ಮೆಟ್ಟಿಲು, ಕುದುರೆ, ಮೀಟು ಎಂಬ ಶಬ್ದಗಳು ವೀಣೆಯವು. ತಂತಿ ಬಿಗಿಯುವ ಬಿರಡೆಯೂ ಅಲ್ಲಿಯದೇ. ಮೆಟ್ಟಿಲುಳ್ಳ ತಂತಿವಾದ್ಯ ಕನ್ನಡ ನಾಡಿಗೆ ಅಪರಿಚಿತವಲ್ಲ. ಕಿನ್ನರಿ ಜೋಗಿಗಳ ಹೆಗಲಲ್ಲಿ ಅದು ಊರೂರು ಅಲೆದಿದೆ. ‘ಗಿಟಾರ್’ ಎಂಬ ಹೆಸರೂ ಅಲೆಮಾರಿಯೇ: ಗ್ರೀಕರ ‘ಕಿಥಾರ’ ಅರಬ್ಬಿಯ ಮೂಲಕ ಸ್ಪೇನಿಗೆ ಹೋಗಿ ‘ಗಿಟಾರ್ರಾ’ ಆಯಿತು. ಪೋರ್ಚುಗಲ್ಲಿನಲ್ಲಿ ಅದೇ ಹೆಸರು ಫಾದು ಹಾಡಿಗೆ ಜೊತೆಗೂಡುವ 12 ತಂತಿಯ ಇನ್ನೊಂದು ವಾದ್ಯಕ್ಕೆ ನಿಂತಿದೆ. ಗುಡ್ಡದ ಮಗು ಪಾಠದಲ್ಲಿ ಕೇಳುವುದು ಕೊಂಕಣಿ, ಹಿಂದಿ, ಇಂಗ್ಲಿಷ್ ಬೆರೆತ ನುಡಿಯನ್ನು. ಮನೆಗೆ ಬಂದು ಅಜ್ಜಿಗೆ ‘ತಂತಿ ಬಿಗಿ ಮಾಡೀನಿ’ ಎಂದು ಹೇಳುವಾಗ ಕನ್ನಡ ತಾನಾಗಿ ಒದಗುತ್ತದೆ.

ಮೊದಲ ತಿಂಗಳುಗಳ ಪಾಠ ನೀರಸವೆಂದು ತೋರಬಹುದು. ದಪ್ಪ ತಂತಿಯಿಂದ ತೆಳುವಿನವರೆಗೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುವುದು, ನಾಲ್ಕು ಬೆರಳುಗಳನ್ನು ನಾಲ್ಕು ಮೆಟ್ಟಿಲುಗಳ ಮೇಲೆ ಒಂದೊಂದಾಗಿ ನಡೆಸುವುದು, ಎರಡು ಸ್ವರಮೇಳಗಳ ನಡುವೆ ಲಯ ತಪ್ಪದೆ ಬೆರಳು ಬದಲಿಸುವುದು. ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒತ್ತಬೇಕಾದ ‘ಎಫ್’ ಎಂಬ ಮೇಳದಲ್ಲಿ ಹಲವರ ಉತ್ಸಾಹ ಇಂಗಿಹೋಗುತ್ತದೆ. ಒಳ್ಳೆಯ ಗುರು ಅದನ್ನು ಮುಂದೂಡುತ್ತಾನೆ, ಅಥವಾ ಎರಡೇ ತಂತಿಯಲ್ಲಿ ಆರಂಭಿಸಿ ಬೆಳೆಸುತ್ತಾನೆ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು ಎಂದು ಹೇಳುತ್ತಾನೆ. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ, ಎಂಟು ದರ್ಜೆಗಳವರೆಗೆ ಏರುವ ಪರೀಕ್ಷೆಗಳು ಇಂಥ ಪಾಠಕ್ಕೆ ಒಂದು ಕ್ರಮ ಕೊಟ್ಟಿವೆ. ಆದರೆ ಪರೀಕ್ಷೆಗೆ ಬೇಕಾದ ಮೂರೇ ಕೃತಿಗಳನ್ನು ವರ್ಷವಿಡೀ ಉರು ಹೊಡೆಸುವ ಪಾಠಗಳೂ ಉಂಟು. ಪಠ್ಯದ ಪದ್ಯಗಳನ್ನಷ್ಟೇ ಓದಿ ಪದವಿ ಪಡೆಯುವವರ ಬಳಗಕ್ಕೆ ಅವು ಸೇರುತ್ತವೆ.

ವಾಸ್ಕೋದಿಂದ ಹೊರಟ ರೈಲು ದೂಧಸಾಗರದ ಘಟ್ಟವೇರಿ, ಕ್ಯಾಸಲ್‌ರಾಕ್, ಲೋಂಡಾ, ಧಾರವಾಡಗಳನ್ನು ದಾಟಿ ಹುಬ್ಬಳ್ಳಿ ಸೇರುತ್ತದೆ. ಗುಡ್ಡದ ಕುಟುಂಬಗಳು ಹಬ್ಬಕ್ಕೆ ಊರಿಗೆ ಹೋಗುವ ದಾರಿಯೂ ಅದೇ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ತುಸು ದೂರದಲ್ಲಿ ಕುಂದಗೋಳವಿದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗುತ್ತಿದ್ದುದು ಅಲ್ಲಿಗೇ. ಗದುಗಿನಿಂದ ಬಂದ ಭೀಮಸೇನ ಜೋಶಿ ಗುರುವಿನ ಮನೆಯಲ್ಲಿಯೇ ಇದ್ದು, ನೀರು ಹೊತ್ತು, ಕಲಿತರು. ಮರಾಠಿ ರಂಗಭೂಮಿಯಲ್ಲಿ ಮೆರೆದ ಈ ಕನ್ನಡಿಗ ಗುರು ಕೊಡುತ್ತಿದ್ದುದು ‘ತಾಲೀಮು’. ಅರಬ್ಬಿಯಲ್ಲಿ ಶಿಕ್ಷಣವೆಂಬ ಅರ್ಥದ ಈ ಶಬ್ದಕ್ಕೆ ಮರಾಠಿ ಮತ್ತು ಉತ್ತರ ಕರ್ನಾಟಕದ ಕನ್ನಡಗಳೆರಡರಲ್ಲೂ ಗರಡಿ ಎಂಬ ಅರ್ಥವಿದೆ, ನಾಟಕದ ಅಭ್ಯಾಸವೂ ತಾಲೀಮೇ. ಕುಸ್ತಿ, ನಾಟಕ, ಗಾಯನ ಮೂರನ್ನೂ ಒಂದೇ ಶಬ್ದದಲ್ಲಿ ಇಟ್ಟ ಜನ, ಮೈಗೆ ಇಳಿಯದ ವಿದ್ಯೆಯನ್ನು ವಿದ್ಯೆಯೆಂದು ಎಣಿಸಿದಂತಿಲ್ಲ.

ಕುಂದಗೋಳದ ಪಾಠಕ್ಕೂ ಗಿಟಾರಿನ ಪಾಠಕ್ಕೂ ವ್ಯತ್ಯಾಸಗಳು ಬಹಳ. ಒಂದು ಕಿವಿಯಿಂದ ಕಿವಿಗೆ ಸಾಗಿದ್ದು, ಇನ್ನೊಂದಕ್ಕೆ ಐದು ಗೆರೆಗಳ ಲಿಪಿಯಿದೆ. ಒಂದರಲ್ಲಿ ಸೇವೆ, ಇನ್ನೊಂದರಲ್ಲಿ ಗಂಟೆಯ ಲೆಕ್ಕ. ಸಮಾನವಾದದ್ದು ಒಂದೇ: ಶಿಷ್ಯನ ತಪ್ಪನ್ನು ಅದು ಹುಟ್ಟಿದ ಗಳಿಗೆಯಲ್ಲಿಯೇ ಕೇಳಿಸಿಕೊಳ್ಳುವ ಇನ್ನೊಬ್ಬರ ಕಿವಿ. ತಪ್ಪು ನೂರು ಸಲ ಮರುಕಳಿಸಿದರೆ ಅದೇ ಕೈಯ ಅಭ್ಯಾಸವಾಗುತ್ತದೆ, ಬಿಡಿಸಲು ಸಾವಿರ ಸಲ ಬೇಕಾಗುತ್ತದೆ.

2020ರ ಜೂನ್ ಆರಂಭದಲ್ಲಿ ಮಂಗೋರ್ ಹಿಲ್ ಗೋವಾದ ಮೊದಲ ಕೋವಿಡ್ ನಿರ್ಬಂಧಿತ ವಲಯವಾಯಿತು. ಹೊರಗಿನವರು ಆ ಗುಡ್ಡದ ಹೆಸರು ಕೇಳಿದ್ದು ಆಗಲೇ. ಹೆಸರಿನೊಡನೆ ಅಂಟಿಕೊಂಡ ಭಯ ಅಲ್ಲಿಯವರನ್ನು ಬಹುಕಾಲ ಕಾಡಿತು. ಆ ಅವಧಿಯಲ್ಲಿ ಜಗತ್ತಿನೆಲ್ಲೆಡೆ ಸಂಗೀತಪಾಠ ಫೋನಿನ ಪರದೆಗೆ ಸರಿಯಿತು. ಆಗ ಒಂದು ಸಂಗತಿ ಬಯಲಾಯಿತು: ಪರದೆಯ ಆಚೆ ಈಚೆ ಇರುವ ಇಬ್ಬರು ಮಾತನಾಡಬಲ್ಲರು, ಕೂಡಿ ನುಡಿಸಲಾರರು. ಧ್ವನಿ ತಲುಪುವುದರಲ್ಲಿ ಆಗುವ ಕ್ಷಣಾರ್ಧದ ವಿಳಂಬ ಲಯವನ್ನು ಒಡೆಯುತ್ತದೆ. ಗುರು ತಾನೂ ಮೀಟುತ್ತ ಶಿಷ್ಯನನ್ನು ಲಯದಲ್ಲಿ ಹಿಡಿದು ನಿಲ್ಲಿಸುವುದು, ಮಣಿಕಟ್ಟನ್ನು ಮುಟ್ಟಿ ಸಡಿಲಿಸುವುದು, ಇವೆರಡೂ ಇಲ್ಲವಾದವು. ಇಂದಿಗೂ ಶುಲ್ಕ ಕೊಡಲಾಗದ ಮನೆಯ ಮಕ್ಕಳು ಫೋನಿನ ವಿಡಿಯೋ ನೋಡಿಯೇ ಕಲಿಯುತ್ತಾರೆ. ಅವರನ್ನು ಹಗುರಾಗಿ ಕಾಣಬೇಕಿಲ್ಲ, ಹಾಡುಗಳನ್ನು ಅವರು ಬೇಗನೆ ಹಿಡಿಯುತ್ತಾರೆ. ತಿಂಗಳಿಗೆ ಎರಡೇ ಸಲ ಅನುಭವಿಯೊಬ್ಬರ ಮುಂದೆ ಕುಳಿತು ಕೈ ತೋರಿಸಿ ಬಂದರೂ ಆ ಶ್ರಮ ದಾರಿ ತಪ್ಪದು. ವಾರಕ್ಕೊಂದು ಪಾಠವೇ ಆಗಬೇಕೆಂಬ ನಿಯಮವೇನೂ ಇಲ್ಲ, ಕೇಳಿದರೆ ಒಪ್ಪುವ ಗುರುಗಳಿದ್ದಾರೆ.

ಇನ್ನು ಉಳಿಯುವುದು ಮನೆಯ ಅಭ್ಯಾಸ. ಗೋಡೆಗೆ ಗೋಡೆ ತಾಗಿದ ಕೋಣೆಗಳಲ್ಲಿ, ರಾತ್ರಿ ಪಾಳಿ ಮುಗಿಸಿದ ತಂದೆ ಮಲಗಿರುವಾಗ ಮೀಟುವುದೆಂತು? ಗಿಟಾರ್ ಕಲಿಸುವವರು ಇದಕ್ಕೊಂದು ಹಳೆಯ ಉಪಾಯ ಹೇಳಿಕೊಡುತ್ತಾರೆ. ಕುದುರೆಯ ಹತ್ತಿರ, ತಂತಿಗಳ ಅಡಿಯಲ್ಲಿ, ಒಂದು ಬಟ್ಟೆಯ ಮಡಿಕೆ ತುರುಕಬೇಕು. ಆಗ ಸ್ವರ ಬೆಳೆಯುವುದಿಲ್ಲ, ‘ಟಪ್ ಟಪ್’ ಎಂಬ ಸಣ್ಣ ಸದ್ದಷ್ಟೇ ಉಳಿಯುತ್ತದೆ; ಬೆರಳು ಸರಿಯಾದ ಹೊತ್ತಿಗೆ ಇಳಿಯಿತೋ ಇಲ್ಲವೋ ಎಂಬುದು ಆ ಸದ್ದಿನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.