ಜ್ಞಾನಸ್ನಾನದ ದಫ್ತರ ಮತ್ತು ಎಂಟನೆಯ ಕಟ್ಟಳೆ

ಸತ್ಯವೆಂದರೇನು ಎಂಬ ಪ್ರಶ್ನೆಯನ್ನು ಪಿಲಾತನು ಪ್ರಭು ಯೇಸುವಿನ ಮುಂದೆ ಎತ್ತಿ, ಉತ್ತರಕ್ಕೂ ಕಾಯದೆ ಹೊರನಡೆದನೆಂದು ಸಂತ ಯೊವಾನ್ನರ ಶುಭಸಂದೇಶವು ತಿಳಿಸುತ್ತದೆ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸಮಾಡುವ ತರುಣರು ಆ ಪ್ರಶ್ನೆಯನ್ನು ವರ್ಷಗಟ್ಟಲೆ ಚರ್ಚಿಸುತ್ತಾರೆ. ವಿಚಾರಣಾ ಗುರುವಿನ ಬಳಿಗೆ ಮಾತ್ರ ಅದು ಆ ರೂಪದಲ್ಲಿ ಬರುವುದು ಅಪರೂಪ. ಬೇಸಿಗೆಯ ರಜೆ ಮುಗಿಯುವ ಹೊತ್ತಿಗೆ, ಕಾಗದಪತ್ರಗಳ ಚೀಲ ಹಿಡಿದ ತಂದೆತಾಯಿಯರ ರೂಪದಲ್ಲಿ ಅದು ಕಚೇರಿಯ ಬಾಗಿಲಿಗೆ ಬರುತ್ತದೆ. "ಫಾದರ್, ಮಗಳ ಹುಟ್ಟಿದ ತಾರೀಖು ಎರಡು ತಿಂಗಳ ಹಿಂದ ಮಾಡಿ ಒಂದು ಸರ್ಟಿಫಿಕೇಟ್ ಕೊಡ್ರಿ, ಇಲ್ಲಂದ್ರ ಒಂದು ವರ್ಷ ಹಾಳಾಗತೈತಿ." ಒಂದನೆಯ ತರಗತಿಯ ಪ್ರವೇಶಕ್ಕೆ ಜೂನ್ ಒಂದರ ವಯಸ್ಸಿನ ಲೆಕ್ಕವಿರುವುದನ್ನು ಬಲ್ಲ ವಾಚಕರಿಗೆ ಈ ಬೇಡಿಕೆಯ ಹಿಂದಿನ ಕಳವಳವನ್ನು ವಿವರಿಸಬೇಕಾಗಿಲ್ಲ. ಕೇಳುವವರು ದುಷ್ಟರಲ್ಲ, ಬಹುಪಾಲು ಪ್ರತಿ ಭಾನುವಾರ ಬಲಿಪೂಜೆಗೆ ಬರುವ ಸಜ್ಜನರು. ಎರಡು ತಿಂಗಳಿನಿಂದ ಯಾರಿಗೆ ಏನು ನಷ್ಟ ಎಂಬುದು ಅವರ ವಾದ.

ಈ ವಾದಕ್ಕೆ ಉತ್ತರ ಹೇಳುವ ಮುನ್ನ ಆ ದಫ್ತರವೆಂದರೇನು ಎಂಬುದನ್ನು ನೋಡೋಣ. ಟ್ರೆಂಟ್ ಮಹಾಸಭೆಯು 1563ರಲ್ಲಿ, ಜ್ಞಾನಸ್ನಾನಗಳನ್ನೂ ವಿವಾಹಗಳನ್ನೂ ಪ್ರತಿಯೊಂದು ಧರ್ಮಕೇಂದ್ರವೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಇಂದು ಜಾರಿಯಲ್ಲಿರುವ 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೆಯ ವಿಧಿ ಅದನ್ನೇ ಮುಂದುವರಿಸಿದೆ. ಧರ್ಮಸಭೆಯ ದಾಖಲೆಯನ್ನು ಸೃಷ್ಟಿಸುವುದು, ತಿದ್ದುವುದು, ಸುಳ್ಳೆಂದು ತಿಳಿದೂ ಬಳಸುವುದು 1391ನೆಯ ವಿಧಿಯ ಪ್ರಕಾರ ಶಿಕ್ಷಾರ್ಹ ಅಪರಾಧ. ಅದನ್ನು ಮಾಡಿದವನು ಗುರುವಾದರೂ ಸರಿಯೇ. ನಮ್ಮ ಬೆಳಗಾವಿ ಧರ್ಮಪ್ರಾಂತವು ಸ್ಥಾಪನೆಯಾದದ್ದು 1953ರಲ್ಲಿ. ಅದಕ್ಕೆ ಮೊದಲು ಈ ಸೀಮೆಯ ಬಹುಭಾಗ ಗೋವೆಯ ಮಹಾಧರ್ಮಪ್ರಾಂತದ ಅಧೀನದಲ್ಲಿತ್ತು. ಹೀಗಾಗಿ ಹಳೆಯ ದಫ್ತರಗಳ ಪುಟ ತಿರುವಿದವರಿಗೆ ಲ್ಯಾಟಿನ್, ಪೋರ್ತುಗೀಸ್ ಪದಗಳು ಎದುರಾದರೆ ಆಶ್ಚರ್ಯವಿಲ್ಲ. ಖಾನಾಪುರದ ಕಾಡಂಚಿನ ಹಳ್ಳಿಯಲ್ಲಿ ಮನೆಯಲ್ಲೇ ಹುಟ್ಟಿ, ಜನನ ನೋಂದಣಿಯ ಹೆಸರನ್ನೂ ಕೇಳದೆ ಬೆಳೆದ ಹಿರಿಯ ಜೀವಕ್ಕೆ, ತಾನು ಯಾರ ಮಗ ಅಥವಾ ಮಗಳು, ಎಂದು ಹುಟ್ಟಿದ್ದು ಎಂದು ಹೇಳುವ ಬರಹ ಅನೇಕ ವೇಳೆ ಅದೊಂದೇ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಸರಕಾರದ ಜನನ ಪ್ರಮಾಣಪತ್ರವೇ ಆಧಾರವೆಂದು ಕಾನೂನು ತಿದ್ದುಪಡಿಯಾಗಿದೆಯಾದರೂ ಹಿರಿಯರ ಪಾಲಿಗೆ ಹಳೆಯ ದಫ್ತರದ ಬೆಲೆ ಕುಂದಿಲ್ಲ. ಒಂದು ಸಾಲು ಸುಳ್ಳೆಂದು ಗೊತ್ತಾದ ದಿನ ಪುಸ್ತಕದ ಉಳಿದ ಸಾವಿರ ಸಾಲುಗಳನ್ನೂ ಯಾರು ತಾನೇ ನಂಬುವರು? ಎರಡು ತಿಂಗಳಿನಿಂದ ನಷ್ಟವಾಗುವುದು ಆ ಹಿರಿಯ ಜೀವಕ್ಕೆ.

ಘಟ್ಟದ ಸೆರಗಿನಲ್ಲಿರುವ ನಮಗೆ ಇನ್ನೊಂದು ವಿಶೇಷ ಶೋಧನೆಯೂ ಇದೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ಪೋರ್ತುಗಲ್ ದೇಶದ ಕಾನೂನು ಪೌರತ್ವದ ದಾರಿಯನ್ನು ತೆರೆದಿಟ್ಟಿತು. ಅಲ್ಲಿಂದೀಚೆಗೆ ಎಷ್ಟೋ ಮನೆಗಳಲ್ಲಿ ಅಜ್ಜ ಹುಟ್ಟಿದ ಊರಿನ ಹೆಸರು ಹಠಾತ್ತನೆ ಬೆಲೆಯುಳ್ಳದ್ದಾಯಿತು. ಅಜ್ಜ ನಿಜವಾಗಿಯೂ ಗೋವೆಯವನಾಗಿದ್ದರೆ ಅದು ಅವನ ಮೊಮ್ಮಕ್ಕಳ ಹಕ್ಕು. ಆದರೆ ಘಟ್ಟದ ಈಚೆ, ಲೋಂಡೆಯ ಬದಿಯ ಹಳ್ಳಿಯಲ್ಲಿ ಹುಟ್ಟಿದ ಅಜ್ಜನನ್ನು ಲೇಖನಿಯ ಒಂದು ಗೀರಿನಿಂದ ಘಟ್ಟದ ಆಚೆಗೆ ಸಾಗಿಸಿಕೊಡಬೇಕೆಂದು ಕೇಳಿದರೆ? ಸತ್ತವರು ಬಂದು ತಕರಾರು ಮಾಡುವುದಿಲ್ಲವೆಂಬುದು ನಿಜ. ಆದರೂ ಅವರ ಹುಟ್ಟೂರನ್ನು ಕಸಿದುಕೊಳ್ಳುವ ಅಧಿಕಾರ ಯಾರಿಗಿದೆ?

ನಿರುಪದ್ರವಿ ಸುಳ್ಳು ಎಂಬುದೊಂದು ಉಂಟೇ ಎಂಬ ಜಿಜ್ಞಾಸೆ ಹೊಸದಲ್ಲ. ಸಂತ ಅಗಸ್ಟೀನರು ಸುಳ್ಳಿನ ಕುರಿತೇ ಎರಡು ಗ್ರಂಥಗಳನ್ನು, ಒಂದನ್ನು ಸುಮಾರು 395ರಲ್ಲಿ, ಮತ್ತೊಂದನ್ನು ಸುಮಾರು 420ರಲ್ಲಿ ಬರೆದು, ಒಳ್ಳೆಯ ಉದ್ದೇಶಕ್ಕೂ ಸುಳ್ಳಾಡಲಾಗದೆಂದು ತೀರ್ಮಾನಿಸಿದರು. ಸಂತ ತೋಮಸ್ ಅಕ್ವೀನರು ಹಾನಿಯ ಸುಳ್ಳು, ವಿನೋದದ ಸುಳ್ಳು, ಉಪಕಾರದ ಸುಳ್ಳು ಎಂದು ಮೂರು ಬಗೆಗಳನ್ನು ಗುರುತಿಸಿ, ಕೊನೆಯೆರಡನ್ನು ಸಾಮಾನ್ಯವಾಗಿ ಲಘುಪಾಪವೆಂದು ಬಗೆದರು. ಪಾಪವಲ್ಲವೆಂದು ಮಾತ್ರ ಹೇಳಲಿಲ್ಲ. ಜರ್ಮನಿಯ ಕ್ಯಾಂಟನು 1797ರಲ್ಲಿ ಇನ್ನೂ ಕಠೋರವಾಗಿ, ಗೆಳೆಯನನ್ನು ಕೊಲ್ಲಲು ಬಂದವನಿಗೂ ಸುಳ್ಳು ಹೇಳಬಾರದೆಂದು ವಾದಿಸಿದನು. ಕ್ಯಾಂಟನನ್ನು ಮೆಚ್ಚಿ ಓದಿದ ನಮಗೂ ಇಲ್ಲಿ ಅವನ ಜೊತೆ ಹೋಗಲು ಕಾಲು ಏಳುವುದಿಲ್ಲ.

ಏಕೆಂದರೆ ಇತಿಹಾಸದಲ್ಲಿ ಧರ್ಮಸಭೆಯ ಮಂದಿಯೇ ಸುಳ್ಳು ಕಾಗದಗಳನ್ನು ಸೃಷ್ಟಿಸಿದ ಕಾಲವೊಂದಿತ್ತು. 1943-44ರಲ್ಲಿ ಇಟಲಿಯ ಅಸ್ಸೀಸಿ ಪಟ್ಟಣದಲ್ಲಿ ಧರ್ಮಾಧ್ಯಕ್ಷ ಜುಸೆಪ್ಪೆ ನಿಕೊಲೀನಿ ಮತ್ತು ಫ್ರಾನ್ಸಿಸ್ಕನ್ ಗುರು ರುಫೀನೊ ನಿಕಾಚಿ ಅವರು ನಾಜಿಗಳಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯರನ್ನು ಮಠಗಳಲ್ಲಿ ಅಡಗಿಸಿದರು. ಲುಯಿಜಿ ಬ್ರೀಜಿ ಎಂಬ ಮುದ್ರಕನು ಮಗನೊಡನೆ ಸೇರಿ ಅವರಿಗೆ ಬೇರೆ ಹೆಸರಿನ ಗುರುತುಪತ್ರಗಳನ್ನು ಅಚ್ಚು ಹಾಕಿಕೊಟ್ಟನು. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ 1944ರಲ್ಲಿ ಸುಳ್ಳು ಜ್ಞಾನಸ್ನಾನ ಪತ್ರಗಳೇ ಜೀವ ಉಳಿಸಿದವು. ಇವರನ್ನು ಪಾಪಿಗಳೆನ್ನಲು ಯಾರ ನಾಲಿಗೆ ಏಳುವುದು? ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಈ ಕುರಿತು ತಡಕಾಡಿದೆ. 1992ರ ಮೊದಲ ಆವೃತ್ತಿಯು ಸುಳ್ಳಿನ ವ್ಯಾಖ್ಯೆಯಲ್ಲಿ, ಸತ್ಯವನ್ನು ತಿಳಿಯುವ ಹಕ್ಕುಳ್ಳವರನ್ನು ದಾರಿತಪ್ಪಿಸುವ ಮಾತು ಎಂಬರ್ಥದ ನಿರ್ಬಂಧವನ್ನು ಸೇರಿಸಿತ್ತು. 1997ರ ಅಧಿಕೃತ ಲ್ಯಾಟಿನ್ ಆವೃತ್ತಿಯಲ್ಲಿ ಹಕ್ಕಿನ ಆ ಮಾತನ್ನು ಕೈಬಿಡಲಾಯಿತು. ಪಂಡಿತರ ವಿವಾದ ಇಂದಿಗೂ ಮುಗಿದಿಲ್ಲ. ಆದರೆ ಒಂದು ಭೇದವಂತೂ ಹಳ್ಳಿಯ ಅಜ್ಜಿಗೂ ಅರ್ಥವಾಗುವಂಥದು. ಅಸ್ಸೀಸಿಯವರು ಕೊಲೆಗಾರನ ಕೈಯಿಂದ ಪರರನ್ನು ಬಿಡಿಸಲು ತಮ್ಮ ಕೊರಳನ್ನೇ ಒಡ್ಡಿ ಸುಳ್ಳು ಬರೆದರು. ನಮ್ಮ ಕಚೇರಿಯ ಬೇಡಿಕೆಯಲ್ಲಿ ಕೊಲೆಗಾರನೂ ಇಲ್ಲ, ಒಡ್ಡುವ ಕೊರಳೂ ಇಲ್ಲ. ಪಕ್ಕದ ಮನೆಯ ಮಗುವಿಗಿಂತ ಮುಂದೆ ನಿಲ್ಲುವ ಆಸೆ ಮಾತ್ರ ಇದೆ.

ಅಂದಹಾಗೆ, ಪ್ರಾಮಾಣಿಕತೆಯನ್ನು ಕುರಿತ ಪ್ರವಚನಗಳಲ್ಲಿ ಒಂದು ಕಥೆಯನ್ನು ಹೇಳುವ ರೂಢಿಯಿದೆ. ಇಂಗ್ಲಿಷಿನ 'ಸಿನ್ಸಿಯರ್' ಎಂಬ ಪದವು 'ಮೇಣವಿಲ್ಲದ್ದು' ಎಂಬ ಲ್ಯಾಟಿನ್ ಮಾತಿನಿಂದ ಬಂತಂತೆ, ಬಿರುಕಿಗೆ ಮೇಣ ತುಂಬಿ ಮಾರುವ ಮೋಸಗಾರರು ರೋಮಿನಲ್ಲಿ ಇದ್ದರಂತೆ. ಕಥೆ ಸೊಗಸಾಗಿದೆ, ಆದರೆ ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ಸತ್ಯವನ್ನು ಬೋಧಿಸಲು ಸತ್ಯವಲ್ಲದ ವ್ಯುತ್ಪತ್ತಿ ಏಕೆ ಬೇಕು? ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರ ಸಂಸ್ಥೆಯೂ ಅಲ್ಲಿದೆ. ಮಡಕೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳಿಯೇ ಕೊಳ್ಳುವ ಸಂತೆಯ ಹೆಂಗಸಿಗೆ ಲ್ಯಾಟಿನ್ ಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರಬೇಕಾಗಿದೆ. ಅದನ್ನು ಬಿಟ್ಟು ಜನ್ಮತಾರೀಖುಗಳ ಬಗ್ಗೆ ಮಾತ್ರ ಬರೆದರೆ ಅದೂ ಒಂದು ಬಗೆಯ ಮರೆಮಾಚುವಿಕೆಯಾದೀತು. 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಅದನ್ನು ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಸೇರಿಸಲಾಗಿದೆಯಾದರೂ ಅದು ಪರಿಶಿಷ್ಟರ ಸವಲತ್ತುಗಳಿಗೆ ಸಮನಲ್ಲ. ಹೀಗಾಗಿ ಬಡ ದಲಿತ ಕುಟುಂಬವೊಂದು ದೇವಾಲಯದ ದಫ್ತರದಲ್ಲಿ ಒಂದು ಹೆಸರನ್ನೂ ತಹಸೀಲ್ದಾರರ ಕಚೇರಿಯಲ್ಲಿ ಇನ್ನೊಂದು ಹೆಸರನ್ನೂ ಇಟ್ಟುಕೊಂಡು ಬದುಕುವುದು ನಾಡಿನಲ್ಲಿ ಯಾರಿಗೂ ತಿಳಿಯದ ಸಂಗತಿಯಲ್ಲ. 2024ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು, ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿ ಬಾಳುತ್ತಿದ್ದ ಮಹಿಳೆಯೊಬ್ಬರು ಉದ್ಯೋಗಕ್ಕಾಗಿ ಹಿಂದೂ ಎಂದು ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೋರಿದ್ದನ್ನು ತಿರಸ್ಕರಿಸಿ, ಅದು ಸಂವಿಧಾನಕ್ಕೆ ಎಸಗುವ ವಂಚನೆ ಎಂದು ಹೇಳಿತು. ಆ ಮೊಕದ್ದಮೆಯಲ್ಲಿ ಪರಿಶೀಲನೆಗೆ ಬಂದ ದಾಖಲೆಗಳಲ್ಲಿ ಜ್ಞಾನಸ್ನಾನದ ದಾಖಲೆಯೂ ಒಂದು.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಸುಳ್ಳು ಪ್ರಮಾಣಪತ್ರವನ್ನು ನಿಜವೆನ್ನಲು ನಮಗೆ ಸಾಧ್ಯವಿಲ್ಲ. ಆದರೆ ಒಬ್ಬನು ತನ್ನ ವಿಶ್ವಾಸವನ್ನು ನಿಜವಾಗಿ ಹೇಳಿದರೆ ಅವನ ಮಗನ ವಿದ್ಯಾರ್ಥಿವೇತನ ಹೋಗುವಂತೆ ಮಾಡಿದ ವ್ಯವಸ್ಥೆಯೂ ಆ ಸುಳ್ಳಿನಲ್ಲಿ ಪಾಲುದಾರನೇ. ಮತಾಂತರದಿಂದ ಹೊಲ ಬರಲಿಲ್ಲ, ಮನೆ ಬರಲಿಲ್ಲ, ಮೇಲ್ಜಾತಿಯವರ ನೋಟವೂ ಬದಲಾಗಲಿಲ್ಲ. ಕಾಗದದಲ್ಲಿ ಮಾತ್ರ ಅಸ್ಪೃಶ್ಯತೆ ಮಾಯವಾಯಿತೆಂದರೆ ಆ ಕಾಗದ ಹೇಳುವುದೂ ಸತ್ಯವಲ್ಲ. ಈ ಆದೇಶವನ್ನು ಪ್ರಶ್ನಿಸಿದ ಅರ್ಜಿ 2004ರಲ್ಲೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ರಂಗನಾಥ ಮಿಶ್ರಾ ಆಯೋಗವು 2007ರಲ್ಲಿ ಮತದ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಲಾಯಿತು. ಕಾಯುವವರ ಒಂದು ತಲೆಮಾರು ಇಷ್ಟರಲ್ಲೇ ಕಳೆದುಹೋಗಿದೆ. 2025ರ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗಲೂ ಜಾತಿಯ ಹೆಸರಿನೊಡನೆ 'ಕ್ರೈಸ್ತ' ಎಂಬ ಮಾತನ್ನು ಸೇರಿಸಬಹುದೇ ಎಂಬ ಗದ್ದಲವೆದ್ದಿತು. ನಿಜವನ್ನು ಬರೆಸಲು ಬಂದವನು ಯಾವ ಅಂಕಣದಲ್ಲಿ ಬರೆಸಬೇಕು?

ಧರ್ಮಸಭೆಗೂ ಇಲ್ಲಿ ಕನ್ನಡಿ ಹಿಡಿಯಬೇಕು. ಕ್ರಿಸ್ತನಲ್ಲಿ ನಾವೆಲ್ಲರೂ ಒಂದೇ ಎಂದು ಪೀಠದಿಂದ ಸಾರಿ, ಸಂಬಂಧ ಕುದುರಿಸುವಾಗ ಜಾತಿಯನ್ನು ಮೆಲ್ಲಗೆ ವಿಚಾರಿಸುವ ಮನೆಗಳು ಎಷ್ಟಿಲ್ಲ? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಧರ್ಮಸಭೆಯೊಳಗೂ ಅಸ್ಪೃಶ್ಯತೆಯ ಆಚರಣೆ ಇದೆಯೆಂದು ಒಪ್ಪಿಕೊಂಡಿತು. ಆ ನೀತಿಯನ್ನು ಎಷ್ಟು ಧರ್ಮಕೇಂದ್ರಗಳ ಸಭೆಗಳಲ್ಲಿ ಓದಿ ಹೇಳಲಾಯಿತು ಎಂಬುದನ್ನು ವಾಚಕರೇ ವಿಚಾರಿಸಿ ನೋಡಲಿ. ಎರಡು ಹೆಸರಿನ ಬಡವನನ್ನು ಪೀಠದಿಂದ ಗದರಿಸುವುದು ಸುಲಭ. ಅವನ ಮಗಳಿಗೆ ಧರ್ಮಕೇಂದ್ರದ ನಿಧಿಯಿಂದ ಕಾಲೇಜಿನ ಶುಲ್ಕ ಕಟ್ಟುವುದು ಅಷ್ಟು ಸುಲಭವಲ್ಲ.

ನಿಧಿಯ ಮಾತು ಬಂದುದರಿಂದ ಅನನೀಯ ಮತ್ತು ಸಫೈರಳ ನೆನಪಾಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯದ ಆ ದಂಪತಿಗಳು ಹೊಲದ ಹಣವನ್ನು ಪೂರ್ತಿ ಕೊಡಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ. ಇಟ್ಟುಕೊಂಡರೂ ಅವರದೇ ಎಂದು ಪೇತ್ರನು ಸ್ಪಷ್ಟಪಡಿಸುತ್ತಾನೆ. ಒಂದು ಭಾಗ ಮಾತ್ರ ಕೊಟ್ಟು ಪೂರ್ತಿ ಕೊಟ್ಟವರಂತೆ ನಟಿಸಿದ್ದೇ ಅವರ ಅಪರಾಧ. ಬೆಳಗಾವಿಯ ಟಿಳಕವಾಡಿಯಲ್ಲಿ 1924ರ ಡಿಸೆಂಬರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ನೀರಿಗಾಗಿ ಅಂದು ತೋಡಿಸಿದ ಬಾವಿಗೆ 4,370 ರೂಪಾಯಿ 3 ಆಣೆ ವೆಚ್ಚವಾಯಿತೆಂಬ ಲೆಕ್ಕ ಉಳಿದುಬಂದಿದೆ. ಆ ಮೂರು ಆಣೆಯನ್ನೂ ಬಿಡದೆ ಬರೆದಿಟ್ಟವರ ಊರಿನಲ್ಲಿ ದೇವಾಲಯದ ಹಬ್ಬದ ಖರ್ಚಿನ ಪಟ್ಟಿ 'ಇತರೆ' ಎಂಬ ಒಂದೇ ಪದದಲ್ಲಿ ಮುಗಿಯಬಾರದು.

ಇನ್ನು ಕಚೇರಿಗೆ ಬರುವವರಿಗೆ ನಾಲ್ಕು ಉಪಯುಕ್ತ ಮಾತುಗಳು. ದಫ್ತರದಲ್ಲಿ ನಿಜವಾಗಿಯೂ ತಪ್ಪು ನುಸುಳಿದ್ದರೆ, ಉದಾಹರಣೆಗೆ ತಾಯಿಯ ಹೆಸರು ತಪ್ಪಾಗಿದ್ದರೆ ಅಥವಾ ತಾರೀಖು ಅದಲುಬದಲಾಗಿದ್ದರೆ, ಅದನ್ನು ತಿದ್ದಲು ದಾರಿಯಿದೆ. ಆಸ್ಪತ್ರೆಯ ಅಥವಾ ನಗರಪಾಲಿಕೆಯ ದಾಖಲೆ, ತಂದೆತಾಯಿಯರ ಪ್ರಮಾಣಪತ್ರ, ಬದುಕಿದ್ದರೆ ಜ್ಞಾನಪಿತೃ ಜ್ಞಾನಮಾತೆಯರ ಹೇಳಿಕೆ, ಇವುಗಳೊಡನೆ ಅರ್ಜಿ ಕೊಟ್ಟರೆ ಧರ್ಮಾಧ್ಯಕ್ಷರ ಕಾರ್ಯಾಲಯದ ಅನುಮತಿ ಕೇಳಬಹುದು. ಜನನ ನೋಂದಣಿಯೇ ಆಗಿರದಿದ್ದರೆ, ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಆದೇಶದಿಂದ ಮಾಡಿಸಬಹುದೆಂದು 2023ರ ತಿದ್ದುಪಡಿಯು ಹೇಳುತ್ತದೆ. ಅರ್ಜಿ ಬರೆಯಲು ಬಾರದವರಿಗೆ ನಾವೇ ಬರೆದುಕೊಡುತ್ತೇವೆ. ದಫ್ತರದ ಹಳೆಯ ಸಾಲನ್ನು ಮಾತ್ರ ಅಳಿಸುವುದಿಲ್ಲ, ಬಿಳಿ ಬಣ್ಣ ಬಳಿಯುವುದಿಲ್ಲ. ಓದಲು ಬರುವಂತೆಯೇ ಅದನ್ನು ಉಳಿಸಿ, ಅಂಚಿನಲ್ಲಿ ಸರಿಯಾದುದನ್ನು ಬರೆದು, ಯಾರ ಅನುಮತಿಯಿಂದ, ಯಾವ ದಿನ ಬರೆದದ್ದೆಂದು ನಮೂದಿಸಿ ಸಹಿ ಹಾಕಲಾಗುತ್ತದೆ.