ಗಣಕಯಂತ್ರದ ಫ್ರಾಕ್ಟಲ್ ಚಿತ್ರಗಳು ಮತ್ತು ಕಲಾತತ್ತ್ವ

ಗಣಕಯಂತ್ರವು ಬರೆದ ಫ್ರಾಕ್ಟಲ್ ಚಿತ್ರಗಳನ್ನು ನಿಜವಾದ ಕಲೆಯೆಂದು ಎಣಿಸಬಹುದೆ ಎಂಬ ಪ್ರಶ್ನೆ ಸುಮಾರು ನಾಲ್ಕು ದಶಕಗಳಿಂದ ಗಣಿತಜ್ಞರ ಹಾಗೂ ಕಲಾವಿಮರ್ಶಕರ ನಡುವೆ ಚರ್ಚಿತವಾಗುತ್ತ ಬಂದಿದೆ. ಇದು ಬರಿಯ ಹೆಸರಿನ ವಿವಾದವಲ್ಲ. ವಿದ್ಯಾರ್ಥಿಯೊಬ್ಬನು ಇಂಥ ಚಿತ್ರವನ್ನು ತನ್ನ ಕೃತಿಯೆಂದು ತಂದೊಪ್ಪಿಸಿದಾಗ ಅಧ್ಯಾಪಕನು ಬೆಲೆಕಟ್ಟಬೇಕಾದುದು ಯಾವುದಕ್ಕೆ? ಸೂತ್ರವನ್ನು ಕಂಡುಹಿಡಿದ ಗಣಿತಜ್ಞನ ಬುದ್ಧಿಗೋ, ಯಂತ್ರದ ವೇಗಕ್ಕೋ, ವಿದ್ಯಾರ್ಥಿಯ ಕಣ್ಣಿಗೋ? ಈ ಮೂರನ್ನು ಬೇರೆಬೇರೆಯಾಗಿ ಗುರುತಿಸದ ಹೊರತು ನ್ಯಾಯವಾದ ತೀರ್ಮಾನ ಸಾಧ್ಯವಿಲ್ಲ. ಆದುದರಿಂದ ಪ್ರಕೃತ ಲೇಖನದಲ್ಲಿ ಈ ಚಿತ್ರಗಳು ಹುಟ್ಟುವ ಕ್ರಮವನ್ನು ಮೊದಲು ವಿವರಿಸಿ, ಅವುಗಳ ಕಲಾತ್ವವನ್ನು ಕುರಿತ ಆಕ್ಷೇಪಗಳನ್ನು ಬಳಿಕ ಪರಿಶೀಲಿಸುತ್ತೇವೆ.

1. ಫ್ರಾಕ್ಟಲ್ ಎಂದರೇನು?

ಯಾವ ಆಕೃತಿಯ ಸಣ್ಣ ಭಾಗವನ್ನು ಹಿಗ್ಗಿಸಿ ನೋಡಿದರೂ ಇಡೀ ಆಕೃತಿಯಂಥ ಜಟಿಲತೆಯೇ ಮತ್ತೆ ಕಾಣುವುದೋ, ಅಂಥದನ್ನು ಸ್ಥೂಲವಾಗಿ ಫ್ರಾಕ್ಟಲ್ ಎನ್ನಬಹುದು. ಒಡೆದುದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಈ ಹೆಸರನ್ನು 1975ರಲ್ಲಿ ರೂಪಿಸಿದವರು ಬೆನ್ವಾ ಮ್ಯಾಂಡೆಲ್‌ಬ್ರಾಟ್ (1924–2010). ಹೆಸರು ಹೊಸದಾದರೂ ವಸ್ತು ಹಳೆಯದು. 1904ರಲ್ಲಿ ಸ್ವೀಡನ್ನಿನ ಹೆಲ್ಗೆ ಫಾನ್ ಕಾಕ್ ಒಂದು ರೇಖೆಯನ್ನು ವರ್ಣಿಸಿದರು. ಸರಳರೇಖೆಯೊಂದನ್ನು ಮೂರು ಸಮಭಾಗ ಮಾಡಿ, ನಡುವಣ ಭಾಗವನ್ನು ತೆಗೆದು, ಅಲ್ಲಿ ಅಷ್ಟೇ ಉದ್ದದ ಎರಡು ಬಾಹುಗಳನ್ನು ಮೊನೆಯಂತೆ ನಿಲ್ಲಿಸಬೇಕು. ದೊರೆತ ನಾಲ್ಕು ತುಂಡುಗಳಲ್ಲಿ ಒಂದೊಂದಕ್ಕೂ ಇದೇ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಬೇಕು. ಪ್ರತಿ ಸಲವೂ ಉದ್ದವು ಮೂರರಲ್ಲಿ ನಾಲ್ಕರ ಪಾಲಿಗೆ, ಎಂದರೆ ಮೊದಲಿನ ಒಂದೂ ಮೂರರಲ್ಲೊಂದು ಪಟ್ಟಿಗೆ ಏರುತ್ತದೆ. ಹತ್ತನೆಯ ಸಲ ಮೂಲದ ಸುಮಾರು 17.8 ಪಟ್ಟಾಗುತ್ತದೆ, ಕೊನೆಗೆ ಅದಕ್ಕೆ ಮಿತಿಯೇ ಇಲ್ಲ. ಆದರೆ ಸಮಬಾಹು ತ್ರಿಕೋನದ ಮೂರು ಬಾಹುಗಳಿಗೂ ಹೀಗೆ ಮಾಡಿದರೆ ಒಳಗಣ ಕ್ಷೇತ್ರಫಲ ಮೂಲದ 1.6 ಪಟ್ಟನ್ನು ಮೀರುವುದಿಲ್ಲ. ಮಿತವಾದ ಕ್ಷೇತ್ರವನ್ನು ಅಮಿತವಾದ ಎಲ್ಲೆ ಸುತ್ತುವರಿದಿರುವ ಈ ವಿಚಿತ್ರವನ್ನು ಅಂದಿನ ಗಣಿತಜ್ಞರು ಕೇವಲ ಅಪವಾದವೆಂದು ಬಗೆದಿದ್ದರು. ಪ್ರಕೃತಿಯಲ್ಲಿ ಇಂಥದೇ ಹೆಚ್ಚೆಂದು ತೋರಿಸಿದುದು ಮ್ಯಾಂಡೆಲ್‌ಬ್ರಾಟರ ಸಾಧನೆ. ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟೆಂದು ಕೇಳಿದ 1967ರ ಲೇಖನದಲ್ಲಿ, ಅಳತೆಗೋಲು ಕಿರಿದಾದಷ್ಟೂ ಕರಾವಳಿ ಬೆಳೆಯುತ್ತದೆಂಬ ಸಂಗತಿಯನ್ನು ಅವರು ವಿವರಿಸಿದರು. ಮೋಡ, ಬೆಟ್ಟ, ಮರದ ಕವಲು ಇವುಗಳ ರೂಪವನ್ನು ಅರಿಯಲು ಯೂಕ್ಲಿಡನ ರೇಖೆ ವೃತ್ತಗಳಿಗಿಂತ ಈ ಒಡೆದ ಆಕೃತಿಗಳೇ ಹೆಚ್ಚು ಒದಗುತ್ತವೆ.

2. ಚಿತ್ರ ಹುಟ್ಟುವ ಬಗೆ

ಫ್ರಾಕ್ಟಲ್ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮ್ಯಾಂಡೆಲ್‌ಬ್ರಾಟ್ ಗಣ. ಅದರ ಸೂತ್ರ ಪ್ರೌಢಶಾಲೆಯ ಬೀಜಗಣಿತಕ್ಕಿಂತ ಬಹಳ ದೂರದ್ದಲ್ಲ. ಒಂದು ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಬೇಕು. ಸೊನ್ನೆಯಿಂದ ಹೊರಟು, ಬಂದ ಫಲವನ್ನು ವರ್ಗಮಾಡಿ ಆ ಸಂಖ್ಯೆಯನ್ನು ಕೂಡಿಸುತ್ತ ಹೋಗಬೇಕು. ಗೊತ್ತುಮಾಡಿದ ಸಂಖ್ಯೆ 1 ಆದರೆ ಫಲಗಳು 0, 1, 2, 5, 26 ಎಂದು ಮಿತಿಮೀರಿ ಓಡುತ್ತವೆ. ಅದು −1 ಆದರೆ 0, −1, 0, −1 ಎಂದು ಎರಡೇ ನೆಲೆಗಳ ನಡುವೆ ತೂಗುತ್ತವೆ. ಹೀಗೆ ಓಡಿಹೋಗದ ಸಂಖ್ಯೆಗಳೆಲ್ಲ ಗಣಕ್ಕೆ ಸೇರಿದವು. ಫಲದ ಪರಿಮಾಣ ಒಮ್ಮೆ 2ನ್ನು ಮೀರಿತೆಂದರೆ ಆ ಸಂಖ್ಯೆ ಗಣದ ಹೊರಗಿನದು. ಇಲ್ಲಿ ಸಂಖ್ಯೆಗಳು ಸಮ್ಮಿಶ್ರ ಸಂಖ್ಯೆಗಳಾದುದರಿಂದ ಒಂದೊಂದೂ ಸಮತಲದ ಒಂದೊಂದು ಬಿಂದು. ಲಕ್ಷಾಂತರ ಬಿಂದುಗಳಿಗೆ ಈ ಲೆಕ್ಕವನ್ನು ಮಾಡಿ, ಒಳಗಿನವಕ್ಕೆ ಕಪ್ಪನ್ನೂ ಹೊರಗಿನವಕ್ಕೆ ಎಷ್ಟನೆಯ ಹೆಜ್ಜೆಯಲ್ಲಿ ಮಿತಿ ಮೀರಿದವೆಂಬುದಕ್ಕೆ ತಕ್ಕ ಬಣ್ಣವನ್ನೂ ಕೊಟ್ಟರೆ ಚಿತ್ರ ಸಿದ್ಧವಾಗುತ್ತದೆ.

ಇಂಥ ಪುನರಾವರ್ತನೆಯ ಗಣಿತವನ್ನು ಫ್ರಾನ್ಸಿನ ಗಾಸ್ತೋ ಜೂಲಿಯಾ ಮತ್ತು ಪಿಯೆರ್ ಫತೂ ಮೊದಲ ಮಹಾಯುದ್ಧದ ಕಾಲದಲ್ಲಿಯೇ ಬೆಳೆಸಿದ್ದರು. ಆದರೆ ತಾವು ಸಾಧಿಸಿದ ಆಕೃತಿಗಳನ್ನು ಇಂದು ನಾವು ಕಾಣುವ ವಿವರದಲ್ಲಿ ಕಾಣುವ ಸಾಧನ ಅವರಿಗಿರಲಿಲ್ಲ. 1978ರಲ್ಲಿ ರಾಬರ್ಟ್ ಬ್ರೂಕ್ಸ್ ಮತ್ತು ಪೀಟರ್ ಮೆಟೆಲ್ಸ್ಕಿ ಗಣಕಯಂತ್ರದ ಮುದ್ರಕದಿಂದ ನಕ್ಷತ್ರ ಚಿಹ್ನೆಗಳಲ್ಲಿ ಇದರ ಒರಟು ರೂಪವೊಂದನ್ನು ಪಡೆದರು. 1980ರಲ್ಲಿ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಮ್ಯಾಂಡೆಲ್‌ಬ್ರಾಟರು ಅದನ್ನು ಸೂಕ್ಷ್ಮವಾಗಿ ಶೋಧಿಸಿದರು. ಅದರಲ್ಲಿ ದ್ವೀಪಗಳಂತೆ ಬಿಡಿಯಾಗಿ ಕಾಣುವ ಚುಕ್ಕೆಗಳೆಲ್ಲ ವಾಸ್ತವವಾಗಿ ಒಂದೇ ಅಖಂಡ ಆಕೃತಿಯ ಭಾಗಗಳೆಂಬುದನ್ನು ಆಡ್ರಿಯೆನ್ ದುವಾಡಿ ಮತ್ತು ಜಾನ್ ಹಬ್ಬರ್ಡ್ ಸ್ವಲ್ಪ ಕಾಲದಲ್ಲಿಯೇ ಸಾಧಿಸಿದರು. ಜರ್ಮನಿಯ ಬ್ರೆಮೆನ್ನಿನ ಹೈನ್ಸ್-ಓಟೋ ಪೈಟ್ಗೆನ್ ಮತ್ತು ಪೀಟರ್ ರಿಖ್ಟರ್ ಬಣ್ಣದ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿ, 1986ರಲ್ಲಿ ಫ್ರಾಕ್ಟಲ್‌ಗಳ ಸೌಂದರ್ಯವನ್ನು ಕುರಿತ ಗ್ರಂಥವನ್ನು ಹೊರತಂದರು. ಗಣಿತದ ಆಕೃತಿ ಚಿತ್ರಶಾಲೆಯ ಗೋಡೆಯನ್ನೇರಿದುದು ಹೀಗೆ. ವಿವಾದವೂ ಅಲ್ಲಿಂದಲೇ ಬಲಗೊಂಡಿತು.

3. ಆಕ್ಷೇಪಗಳು

ಆಕ್ಷೇಪಗಳು ನಾಲ್ಕು. ಚಿತ್ರವನ್ನು ಬರೆದುದು ಯಂತ್ರ, ಮನುಷ್ಯನಲ್ಲ ಎಂಬುದು ಮೊದಲನೆಯದು. ಆಕೃತಿಯು ಸೂತ್ರದಲ್ಲಿ ಮೊದಲೇ ಅಡಗಿರುವುದರಿಂದ ಅದು ಶೋಧವೇ ಹೊರತು ಸೃಷ್ಟಿಯಲ್ಲ ಎಂಬುದು ಎರಡನೆಯದು. ಅನಾಯಾಸವಾಗಿ, ಅಸಂಖ್ಯವಾಗಿ ದೊರೆಯುವ ವಸ್ತುವಿಗೆ ಕಲೆಯ ಬೆಲೆಯಿಲ್ಲ ಎಂಬುದು ಮೂರನೆಯದು. ಅದು ಕಣ್ಣನ್ನು ಬೆರಗುಗೊಳಿಸುತ್ತದೆ, ಹೃದಯವನ್ನು ಮುಟ್ಟುವುದಿಲ್ಲ ಎಂಬುದು ನಾಲ್ಕನೆಯದು.

ಮೊದಲನೆಯ ಆಕ್ಷೇಪ ಹೊಸದಲ್ಲ. ಛಾಯಾಚಿತ್ರವು ಬಂದಾಗಲೂ ಇದನ್ನೇ ಹೇಳಿದ್ದರು. ಕವಿ ಬೋದಿಲೇರ್ 1859ರಲ್ಲಿ ಅದನ್ನು ಕಲೆಯ ಪಂಕ್ತಿಯಿಂದ ಹೊರಗಿಡಬೇಕೆಂದು ವಾದಿಸಿದರು. ಆದರೆ 1884ರಲ್ಲಿ, ಆಸ್ಕರ್ ವೈಲ್ಡರ ಛಾಯಾಚಿತ್ರವೊಂದರ ಮೊಕದ್ದಮೆಯಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಂಗಿ, ಉಡುಪು, ಬೆಳಕು, ನೆರಳು ಇವುಗಳನ್ನು ಅಳವಡಿಸಿದವನು ಛಾಯಾಗ್ರಾಹಕನಾದುದರಿಂದ ಆತನೇ ಕರ್ತೃವೆಂದು ತೀರ್ಪಿತ್ತಿತು. ಗಣಕಯಂತ್ರದ ವಿಷಯದಲ್ಲಿಯೂ ಇಂಥದೇ ನಡೆಯಿತು. ಬೆಲ್ ಪ್ರಯೋಗಶಾಲೆಯ ಮೈಕೆಲ್ ನೋಲ್ 1963ರಲ್ಲಿ ಗಣಕಯಂತ್ರದಿಂದ ಬರೆಯಿಸಿದ ರೇಖಾಚಿತ್ರವೊಂದಕ್ಕೆ ಕೃತಿಸ್ವಾಮ್ಯವನ್ನು ಕೇಳಿದಾಗ, ಯಂತ್ರ ರಚಿಸಿದುದೆಂಬ ಕಾರಣದಿಂದ ಅಧಿಕಾರಿಗಳು ಮೊದಲು ನಿರಾಕರಿಸಿದರು. ಯಂತ್ರವನ್ನು ನಡೆಸಿದ ಕ್ರಮವಿಧಿಯನ್ನು ಬರೆದವನು ಮನುಷ್ಯನೆಂದು ಅವರು ವಿವರಿಸಿದ ಮೇಲೆ 1965ರಲ್ಲಿ ಅದು ನೋಂದಣಿಯಾಯಿತು. ಆ ಚಿತ್ರ ಫ್ರಾಕ್ಟಲ್ ಅಲ್ಲದಿದ್ದರೂ ತತ್ತ್ವ ಒಂದೇ: ಉಪಕರಣವು ಕರ್ತೃತ್ವವನ್ನು ಕಸಿಯುವುದಿಲ್ಲ, ಕರ್ತೃವು ಆಯ್ಕೆಯನ್ನು ತನ್ನ ಕೈಯಲ್ಲಿಟ್ಟುಕೊಂಡಿರುವ ತನಕ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ಬಲವುಂಟು. ಒಂದೇ ಸೂತ್ರ, ಒಂದೇ ನಿರ್ದೇಶಾಂಕ, ಒಂದೇ ವರ್ಣಕ್ರಮವನ್ನು ಕೊಟ್ಟರೆ ಯಾರ ಯಂತ್ರದಲ್ಲಾದರೂ ಒಂದೇ ಚಿತ್ರ ಬರುತ್ತದೆ. ಮ್ಯಾಂಡೆಲ್‌ಬ್ರಾಟ್ ಗಣದ ಹೊರ ಎಲ್ಲೆಯನ್ನು ಯಾರೂ ಕಲ್ಪಿಸಿದುದಲ್ಲ. ಇದನ್ನು ನಾವು ಒಪ್ಪಬೇಕು. ಆದರೆ ಆಕೃತಿ ಬೇರೆ, ಚಿತ್ರ ಬೇರೆ. ಬಣ್ಣವನ್ನು ನೋಡಿ: ಹೆಜ್ಜೆಗಳ ಎಣಿಕೆಯನ್ನು ಗಣಿತ ಕೊಡುತ್ತದೆ, ನೂರನೆಯ ಹೆಜ್ಜೆಗೆ ನೀಲಿಯೋ ಕಾವಿಯೋ ಎಂಬುದನ್ನು ಯಾವ ಸೂತ್ರವೂ ಹೇಳುವುದಿಲ್ಲ. ಚೌಕಟ್ಟನ್ನು ನೋಡಿ: ಗಣದ ದೊಡ್ಡ ದೇಹಕ್ಕೂ ಅದರ ಎಡಗಡೆಯ ದುಂಡು ಭಾಗಕ್ಕೂ ನಡುವೆ, −0.75ರ ನೆರೆಯಲ್ಲಿ, ಕಡಲಕುದುರೆಗಳ ಕಣಿವೆಯೆಂದು ಹೆಸರಾದ ಎಡೆಯಿದೆ. ಯಂತ್ರದ ಸಾಮಾನ್ಯ ಗಣನೆ ನಿಲುಕುವ ಹದಿನೈದು ದಶಮಾಂಶ ಸ್ಥಾನಗಳವರೆಗೆ ಅದನ್ನು ಹಿಗ್ಗಿಸುತ್ತ ಹೋದರೆ ದೊರೆಯುವ ಚೌಕಟ್ಟುಗಳು ಮನುಷ್ಯನು ನೋಡಿ ಮುಗಿಸಲಾರದಷ್ಟು. ಇವುಗಳಲ್ಲಿ ಒಂದನ್ನು ಆರಿಸಿ, ಎಲ್ಲಿ ಕತ್ತರಿಸಬೇಕು, ಯಾವುದನ್ನು ಮುಂದೆ ತರಬೇಕು, ಯಾವುದನ್ನು ಮಬ್ಬಿನಲ್ಲಿ ಬಿಡಬೇಕೆಂದು ನಿಶ್ಚಯಿಸುವುದು ನೋಟದ ಕೆಲಸ. ಹಾಗೆಂದ ಮೇಲೆ ಇದರ ಮಾರುತ್ತರವನ್ನೂ ಹೇಳಬೇಕು. ಸಿದ್ಧ ತಂತ್ರಾಂಶವನ್ನು ತೆರೆದು, ಅದು ತಾನಾಗಿ ಕೊಟ್ಟ ಬಣ್ಣಗಳಲ್ಲಿ ಇಡೀ ಗಣವನ್ನು ಮುದ್ರಿಸಿದವನು ಕಲಾವಿದನಲ್ಲ. ಆತನು ತೋರಿಸುತ್ತಿರುವುದು ಗಣಿತಜ್ಞರ ಶೋಧವನ್ನು.

ಮೂರನೆಯ ಆಕ್ಷೇಪ ದುರ್ಬಲವಾದುದು. ಶ್ರಮದ ಅಳತೆ ಕಲೆಯ ಅಳತೆಯಲ್ಲ; ಗಳಿಗೆಯಲ್ಲಿ ಎಳೆದ ರೇಖೆ ಉತ್ತಮವಾಗಬಹುದು, ವರುಷಗಟ್ಟಲೆ ತಿದ್ದಿದ ಪಟ ನಿರ್ಜೀವವಾಗಬಹುದು. ನೋಡುವವನ ಕಣ್ಣು ಕೃತಿಯ ಮೂಲವನ್ನು ಅರಿಯುವುದೂ ಇಲ್ಲ. ನೋಲ್ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೊಂಡ್ರಿಯಾನ್ 1917ರಲ್ಲಿ ರಚಿಸಿದ ಗೆರೆಗಳ ಸಂಯೋಜನೆಯನ್ನೂ ಅದನ್ನು ಅನುಸರಿಸಿ ಯಂತ್ರ ಬರೆದುದನ್ನೂ 100 ಮಂದಿಗೆ ತೋರಿಸಲಾಯಿತು. ಯಂತ್ರದ್ದಾವುದೆಂದು ಸರಿಯಾಗಿ ಗುರುತಿಸಿದವರು 28 ಮಂದಿ. ಯಂತ್ರದ್ದನ್ನೇ ಮೆಚ್ಚಿದವರು 59 ಮಂದಿ. ಆದರೆ ಇದರಿಂದ ಯಂತ್ರವು ಮೊಂಡ್ರಿಯಾನರನ್ನು ಗೆದ್ದಿತೆಂದು ಹೇಳುವುದು ಅವಸರದ ಮಾತು. ಆ ಬಗೆಯ ರಚನೆಯೊಂದು ಸಾಧ್ಯವೆಂದು ಮೊದಲು ಕಂಡವರು ಮೊಂಡ್ರಿಯಾನ್. ಯಂತ್ರ ಆ ಕಾಣ್ಕೆಯ ಸಾಲಗಾರ.

4. ಬೆರಗು ಮತ್ತು ರಸ

ನಾಲ್ಕನೆಯ ಆಕ್ಷೇಪವೇ ಪ್ರಕೃತ ವಿಚಾರದ ತಿರುಳು. ಇದನ್ನು ವಿವೇಚಿಸಲು ನಮ್ಮ ಕಾವ್ಯಮೀಮಾಂಸೆಯ ಒಂದು ವಿಭಾಗಕ್ರಮ ನೆರವಾಗುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯಿರುವ ಕಾವ್ಯವನ್ನೂ ಧ್ವನಿ ಗೌಣವಾದ ಕಾವ್ಯವನ್ನೂ ಹೇಳಿ, ಇವೆರಡರಿಂದ ಬೇರೆಯಾಗಿ ಉಳಿದುದನ್ನು ಚಿತ್ರವೆಂದು ಕರೆದನು. ಅದು ಮುಖ್ಯಾರ್ಥದಲ್ಲಿ ಕಾವ್ಯವಲ್ಲ, ಕಾವ್ಯದ ಅನುಕರಣವೆಂಬುದು ಆತನ ಮತ. ಅಕ್ಷರಗಳನ್ನು ಖಡ್ಗದ, ಪದ್ಮದ ಆಕಾರದಲ್ಲಿ ಹೆಣೆಯುವ ಬಂಧಗಳು ಈ ವರ್ಗಕ್ಕೆ ಸೇರುತ್ತವೆ. ಕವಿರಾಜಮಾರ್ಗದಲ್ಲಿಯೂ ಇಂಥ ಬಂಧಗಳ ಪ್ರಸ್ತಾಪವುಂಟು. ಅವುಗಳಲ್ಲಿ ಬುದ್ಧಿಯ ಚಮತ್ಕಾರವಿದೆ, ನಿಯಮದ ನಿರಪವಾದವಾದ ಪಾಲನೆಯಿದೆ. ಸಹೃದಯನು ಒಮ್ಮೆ ಬೆರಗಾಗುತ್ತಾನೆ, ಎರಡನೆಯ ಸಲ ತಲೆದೂಗುತ್ತಾನೆ, ಮೂರನೆಯ ಸಲ ಪುಟ ಮಗುಚುತ್ತಾನೆ. ಬಹುಪಾಲು ಫ್ರಾಕ್ಟಲ್ ಚಿತ್ರಗಳ ಗತಿಯೂ ಇದೇ ಎಂದು ನಮಗೆ ತೋರುತ್ತದೆ. ಸುರುಳಿಯೊಳಗೆ ಸುರುಳಿ ಮೊದಲು ಅದ್ಭುತ. ಸಾವಿರದ ಸುರುಳಿಯಲ್ಲಿ ಬೆರಗು ಸವೆಯುತ್ತದೆ. ಎಲ್ಲ ಕಡೆಯೂ ಸಮಾನವಾಗಿ ಜಟಿಲವಾದ ಚಿತ್ರದಲ್ಲಿ ಕಣ್ಣಿಗೆ ವಿಶ್ರಾಂತಿಯಿಲ್ಲ; ವಿಶ್ರಾಂತಿಯಿಲ್ಲದೆಡೆ ರಸಕ್ಕೆ ನೆಲೆಯಿಲ್ಲ.

ಫ್ರಾಕ್ಟಲ್ ಗುಣವೇ ಕಲೆಗೆ ಕಾರಣವಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷ್ಯವುಂಟು. 1999ರಲ್ಲಿ ರಿಚರ್ಡ್ ಟೇಲರ್ ಮತ್ತು ಸಂಗಡಿಗರು, ಜಾಕ್ಸನ್ ಪೊಲಾಕ್ ಬಣ್ಣವನ್ನು ಸುರಿದು ತೊಟ್ಟಿಕ್ಕಿಸಿ ರಚಿಸಿದ ಪಟಗಳಲ್ಲಿ ಫ್ರಾಕ್ಟಲ್ ರಚನೆಯಿದೆಯೆಂದು ಲೆಕ್ಕಹಾಕಿ ತೋರಿಸಿದರು. 2006ರಲ್ಲಿ ಕ್ಯಾಥರೀನ್ ಜೋನ್ಸ್-ಸ್ಮಿತ್ ಮತ್ತು ಹರ್ಷ್ ಮಾಥುರ್ ಇದನ್ನು ವಿರೋಧಿಸಿ, ಕೈಯಿಂದ ಗೀಚಿದ ಸಾಮಾನ್ಯ ಚಿತ್ರವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದೆಂದು ವಾದಿಸಿದರು; ಟೇಲರ್ ಅವರಿಗೆ ಉತ್ತರವನ್ನೂ ಕೊಟ್ಟರು. ಗಣಿತದ ತೀರ್ಪು ಯಾವ ಕಡೆಗಾದರೂ ಇರಲಿ, ಪೊಲಾಕ್ ಪಟದ ಬೆಲೆ ಆ ಸಂಖ್ಯೆಯೊಂದಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಹಾಗಾದರೆ ಪುನರಾವೃತ್ತಿಯಿಂದ ಕಲೆ ಹುಟ್ಟುವುದೇ ಇಲ್ಲವೆ? ಹುಟ್ಟುತ್ತದೆ, ಅದಕ್ಕೆ ನಮ್ಮ ದೇವಾಲಯಗಳೇ ನಿದರ್ಶನ. ಖಜುರಾಹೊವಿನ ಕಂದರಿಯ ಮಹಾದೇವ ಗುಡಿಯಲ್ಲಿ ಮುಖ್ಯ ಶಿಖರದ ಮೈಮೇಲೆ ಅದೇ ರೂಪದ ಕಿರುಶಿಖರಗಳು ಏರಿವೆ. 1112ರ ಇಟಗಿಯ ಮಹಾದೇವ ದೇವಾಲಯದ ಗೋಡೆಗಳ ಮೇಲೆ ಪುಟ್ಟ ಶಿಖರಗಳ ಪ್ರತಿರೂಪಗಳಿವೆ. ಹಿಂದೂ ದೇವಾಲಯವನ್ನು ಫ್ರಾಕ್ಟಲ್ ವಿಶ್ವದ ಮಾದರಿಯಾಗಿ ಕೀರ್ತಿ ತ್ರಿವೇದಿ 1989ರಲ್ಲಿ ವಿವೇಚಿಸಿದ್ದಾರೆ. ಆದರೆ ಶಿಲ್ಪಿಯು ಎರಡು ಮೂರು ಮೆಟ್ಟಿಲುಗಳಲ್ಲಿ ಆವೃತ್ತಿಯನ್ನು ನಿಲ್ಲಿಸುತ್ತಾನೆ. ಕಿರಿದೆಲ್ಲವೂ ಹಿರಿದರ ಕಡೆಗೆ, ಹಿರಿದು ಕಲಶದ ಕಡೆಗೆ ನೋಟವನ್ನು ಒಯ್ಯುತ್ತದೆ. ಸೂತ್ರಕ್ಕೆ ನಿಲ್ಲುವುದು ತಿಳಿಯದು, ಶಿಲ್ಪಿಗೆ ತಿಳಿಯುತ್ತದೆ. ಗಣಕಯಂತ್ರದ ಕ್ಷೇತ್ರದಲ್ಲಿಯೂ ಈ ವಿವೇಕವನ್ನು ತೋರಿದವರುಂಟು. ಲೋರೆನ್ ಕಾರ್ಪೆಂಟರ್ 1980ರಲ್ಲಿ ಫ್ರಾಕ್ಟಲ್ ಬೆಟ್ಟಗಳ ಮೇಲಿನ ಹಾರಾಟವನ್ನು ಎರಡು ನಿಮಿಷಗಳ ಕಿರುಚಿತ್ರವಾಗಿಸಿದರು. ಕೆಂಟನ್ ಮಸ್ಗ್ರೇವ್ ಬೆಟ್ಟ, ನೀರು, ಮಂಜು, ಬೆಳಕುಗಳಿಂದ ಕೂಡಿದ ಭೂದೃಶ್ಯಗಳನ್ನು ರಚಿಸಿದರು. ಅಲ್ಲಿ ಫ್ರಾಕ್ಟಲ್ ಬೆಟ್ಟದ ಮೈಯೊರಟಾಗಿದೆ. ಚಿತ್ರದ ಭಾವವು ಬೆಳಕಿನಲ್ಲಿಯೂ ದೂರದಲ್ಲಿಯೂ ಇದೆ.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು: ಫ್ರಾಕ್ಟಲ್ ಎಂಬುದು ಕಲೆಯ ಒಂದು ಪ್ರಕಾರವಲ್ಲ, ಒಂದು ಸಾಧನ, ಅದರಿಂದ ಚಮತ್ಕಾರವೂ ಆಗಬಹುದು, ಕಲೆಯೂ ಆಗಬಹುದು. ಒಟ್ಟಾಗಿ ಒಪ್ಪುವುದೂ ಒಟ್ಟಾಗಿ ತಳ್ಳುವುದೂ ಸಮನಾದ ಸೋಮಾರಿತನ. ವಿದ್ಯಾರ್ಥಿಯ ಚಿತ್ರವನ್ನು ಪರಿಶೀಲಿಸುವ ಅಧ್ಯಾಪಕರು ಮೂರು ಪ್ರಶ್ನೆಗಳನ್ನು ಕೇಳಬಹುದು. ಸೂತ್ರವಾಗಲಿ ತಂತ್ರಾಂಶವಾಗಲಿ ನಿರ್ಣಯಿಸದೆ ಬಿಟ್ಟುದರಲ್ಲಿ ಆತನು ನಿರ್ಣಯಿಸಿದುದೇನು? ಆ ನಿರ್ಣಯ ಬೇರೆಯಾಗಿದ್ದರೆ ಚಿತ್ರ ಕೆಡುತ್ತಿತ್ತೆ? ಬೆರಗು ತೀರಿದ ಮೇಲೂ ಅದು ನಮ್ಮನ್ನು ಹಿಡಿದು ನಿಲ್ಲಿಸುತ್ತದೆಯೆ? ಮೂರಕ್ಕೂ ಉತ್ತರವಿರುವ ಚಿತ್ರವನ್ನು ಕಲೆಯೆನ್ನಲು ನಾವು ಹಿಂಜರಿಯಬೇಕಾದುದಿಲ್ಲ.

ಈ ಪ್ರಶ್ನೆಗಳ ಅಗತ್ಯ ಇಂದು ಇನ್ನೂ ಹೆಚ್ಚಿದೆ. ನಾಲ್ಕು ಮಾತುಗಳ ಸೂಚನೆಯಿಂದ ಕೃತಕ ಬುದ್ಧಿಮತ್ತೆಯು ಚಿತ್ರವನ್ನು ಒದಗಿಸುವ ಕಾಲವಿದು. ಯಂತ್ರವನ್ನೇ ಕರ್ತೃವೆಂದು ಹೇಳಿಕೊಂಡ ಚಿತ್ರಕ್ಕೆ ಕೃತಿಸ್ವಾಮ್ಯವಿಲ್ಲವೆಂದು ಅಮೆರಿಕದ ನ್ಯಾಯಾಲಯವೊಂದು 2023ರಲ್ಲಿ ತೀರ್ಪಿತ್ತಿತು. ಮೇಲ್ಮನವಿಯ ನ್ಯಾಯಾಲಯವೂ 2025ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅದಕ್ಕೆ ಹೋಲಿಸಿದರೆ ಫ್ರಾಕ್ಟಲ್‌ನ ಚಿತ್ರಕಾರನ ಸ್ಥಿತಿ ಸ್ಪಷ್ಟವಾದುದು: ಆತನ ಸೂತ್ರ ಬಯಲಿಗಿದೆ, ಪ್ರತಿಯೊಂದು ಆಯ್ಕೆಯನ್ನೂ ಸಂಖ್ಯೆಯಲ್ಲಿ ತೋರಿಸಬಹುದು. ಮನುಷ್ಯನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ವಿಂಗಡಿಸುವುದನ್ನು ಕಲಿಯಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ತಕ್ಕ ಪಾಠ ಸುಲಭವಾಗಿ ದೊರೆಯಲಾರದು.